ಕಾಕಾನ ಮಂಚದ ಕೆಳಗಿನ ಕಾವು

ಬೇವಿನ ಎಲೆ ಸುಡುವ ಹೊಗೆ ಬಂದರೆ ನಾನು ಇವತ್ತಿಗೂ ಎದ್ದು ಕಿಟಕಿ ಹಾಕಿಬಿಡುತ್ತೇನೆ. ಶಿವರಾತ್ರಿ ಕಳೆದು ಬೇವು ಎಲೆ ಉದುರಿಸುವ ದಿನಗಳಲ್ಲಿ ಹೈದರಾಬಾದಿನ ಓಣಿಗಳಲ್ಲಿ ಕಸ ಗುಡಿಸುವವರು ಆ ಒಣ ಎಲೆಯನ್ನೆಲ್ಲ ಒಂದು ಮೂಲೆಗೆ ಗುಡ್ಡೆ ಹಾಕಿ ಬೆಂಕಿ ಇಡುತ್ತಾರೆ. ಸೊಳ್ಳೆ ಓಡುತ್ತವೆ, ಒಳ್ಳೆಯದು ಅಂತ ಪಕ್ಕದ ಮನೆಯವರು ಬಾಗಿಲು ತೆರೆದಿಟ್ಟು ಕೂರುತ್ತಾರೆ. ಅವರದೇನೂ ತಪ್ಪಿಲ್ಲ. ಆದರೆ ಆ ಕಹಿ ಹೊಗೆ ಮೂಗಿಗೆ ಬಡಿದರೆ ನನ್ನ ಕಣ್ಣಿಗೆ ಕಟ್ಟುವುದು ಬಾಗಿಲು ತೆರೆದುಕೊಂಡು ಬಿದ್ದ ಒಂದು ಕೋಳಿಗೂಡು. ಅದರೊಳಗೆ ಒಂದು ಜೀವವಿಲ್ಲ. ಅದರ ಮುಂದೆ ನನ್ನ ಆಯಿ ಕುಕ್ಕರಗಾಲಲ್ಲಿ ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಕೆಂಡದ ಮೇಲೆ ಹಿಡಿಹಿಡಿ ಬೇವಿನ ಎಲೆ ಸುರಿಯುತ್ತಿದ್ದಾಳೆ. ಆ ವರ್ಷ ಹೊಗೆ ನಮ್ಮ ಮನೆಯ ಅರಿವೆ, ಹಾಸಿಗೆ, ಕುಡಿಯುವ ನೀರಿಗೂ ಹತ್ತಿಬಿಟ್ಟಿತ್ತು.

ಆಯಿ ಎಂದರೆ ಅಪ್ಪನ ತಾಯಿ. ನಾವು ರಾಯಚೂರು ಕಡೆಯವರು. ಮುತ್ಯಾ, ಅಂದರೆ ಅಪ್ಪನ ಅಪ್ಪ, ನಿಜಾಮರ ಕಾಲದಲ್ಲಿ ನೌಕರಿ ಹಿಡಿದು ಇಲ್ಲಿಗೆ ಬಂದವನು. ಆಮೇಲೆ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಹೈದರಾಬಾದು ಆಂಧ್ರದ ರಾಜಧಾನಿಯಾಯಿತು, ಅಂಗಡಿ ಬೋರ್ಡುಗಳಲ್ಲಿ ಉರ್ದುವಿನ ತಲೆಯ ಮೇಲೆ ತೆಲುಗು ಬಂದು ಕೂತಿತು. ನಾವು ಮಾತ್ರ ಕಾಚಿಗೂಡ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಇದ್ದಲ್ಲೇ ಉಳಿದೆವು. ಹೊಸ್ತಿಲ ಒಳಗೆ ಕನ್ನಡ, ಹೊರಗೆ ತೆಲುಗು, ಕಿರಾಣಿ ಅಂಗಡಿಯಲ್ಲಿ ಹಿಂದಿ. ಮೂರು ಕೋಣೆಯ ಮನೆಗೆ ಶಹಾಬಾದ ಕಲ್ಲಿನ ನೆಲ, ಹಿಂದೆ ಒಂದು ಹಿತ್ತಿಲು, ಹಿತ್ತಿಲಲ್ಲಿ ಸೀತಾಫಲದ ಗಿಡ, ಅದರ ಬುಡದಲ್ಲಿ ಕೋಳಿಗೂಡು. ಹಿಂದಿನ ಬಾಗಿಲು ತೆರೆದರೆ ಸಣ್ಣ ಸಂದಿ, ಅದರಾಚೆ ರೈಲ್ವೆಯ ಗೋಡೆ. ಈಗ ಆ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ನಿಂತಿದೆ. ಹಿತ್ತಿಲು ಇದ್ದ ಕಡೆ ಕಾರು ನಿಲ್ಲಿಸುತ್ತಾರೆ. ತಮ್ಮ ಬಾಲ್ಯದ ಮನೆಯ ಜಾಗದಲ್ಲಿ ಬೇರೆಯವರ ಕಾರು ನಿಂತದ್ದನ್ನು ನೋಡಿದವರಿಗೆ ನಾನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪನಿಗೆ ಒಬ್ಬ ತಮ್ಮನಿದ್ದ, ನಮ್ಮ ಕಾಕಾ. ಹೆಸರು ಹಣಮಂತ, ಆದರೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಚಿಕ್ಕವನಿದ್ದಾಗ ಬಂದ ಜ್ವರ ಅವನ ಗುಂಡಿಗೆಯಲ್ಲಿ ಏನನ್ನೋ ಕೆಡಿಸಿ ಹೋಗಿತ್ತು. ಓಡಬಾರದು, ಭಾರ ಎತ್ತಬಾರದು, ಸಿಟ್ಟಿಗೇಳಬಾರದು ಎಂದು ಡಾಕ್ಟರು ಹೇಳಿದ್ದರು. ಮದುವೆಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ನಾರಾಯಣಗೂಡದ ಕಾಲೇಜು ಹುಡುಗರಿಗೆ ಮನೆಯಲ್ಲೇ ಲೆಕ್ಕದ ಪಾಠ ಹೇಳುತ್ತಿದ್ದ. ಅವನಷ್ಟು ನಗಿಸುವ ಮನುಷ್ಯನನ್ನು ನಾನು ಮತ್ತೆ ನೋಡಲಿಲ್ಲ, ಇದನ್ನು ಉತ್ಪ್ರೇಕ್ಷೆ ಎನ್ನುವವರು ಎನ್ನಲಿ. ಕಾಕಾನಿಗೆ ಆ ಜ್ವರ ಬಂದಾಗ ಮೂರು ದಿನ ಕಣ್ಣು ಬಿಟ್ಟಿರಲಿಲ್ಲವಂತೆ. ಅದೇ ಹೊತ್ತಿಗೆ ಹಿತ್ತಿಲಲ್ಲಿದ್ದ ಕರಿಯ ಹೇಂಟೆ ಯಾವ ಜಡ್ಡೂ ಇಲ್ಲದೆ ನಿಂತಲ್ಲೇ ಬಿದ್ದು ಸತ್ತಿತು, ಸಂಜೆಗೆ ಹುಡುಗ ಕಣ್ಣು ಬಿಟ್ಟು ಗಂಜಿ ಕೇಳಿದ. "ಮನಿ ಮ್ಯಾಲ ಬಂದಿದ್ದು ಕೋಳಿ ಮ್ಯಾಲ ಹೋತು," ಎಂದು ಆಯಿ ಅವತ್ತೇ ತೀರ್ಮಾನ ಮಾಡಿದಳು. ಸಾಕಿದ ಜೀವ ಮನೆಯ ಗಂಡಾಂತರವನ್ನು ತಾನು ಹೊತ್ತುಕೊಂಡು ಹೋಗುತ್ತದೆ ಎಂಬ ಮಾತನ್ನು ನೀವೂ ನಿಮ್ಮ ಹಿರಿಯರ ಬಾಯಲ್ಲಿ ಕೇಳಿರುತ್ತೀರಿ. ಹೆಚ್ಚಿನವರು ಅದನ್ನು ಸಮಾಧಾನಕ್ಕೆ ಹೇಳುತ್ತಾರೆ. ಆಯಿಗೆ ಅದು ಸಮಾಧಾನವಾಗಿರಲಿಲ್ಲ, ಏರ್ಪಾಡಾಗಿತ್ತು. ಅವತ್ತಿನಿಂದ ಹಿತ್ತಿಲು ಒಂದು ದಿನವೂ ಕೋಳಿಯಿಲ್ಲದೆ ಇರದಂತೆ ಅವಳು ನೋಡಿಕೊಂಡಳು. ಮೊಟ್ಟೆ ಕಾಕಾನಿಗೆ, ಹಬ್ಬಕ್ಕೆ ಹುಂಜ ಎಲ್ಲರಿಗೂ. ಉಳಿದವು ಸುಮ್ಮನೆ ಕಾಲಾಡುತ್ತ, ಜೋಳ ಹೆಕ್ಕುತ್ತ, ಅವನಿಗೂ ಅವನ ಸಾವಿಗೂ ನಡುವೆ ಓಡಾಡಿಕೊಂಡಿದ್ದವು.

ನಾನು ನಾಲ್ಕನೆಯ ತರಗತಿಯಲ್ಲಿದ್ದೆ. ಆ ವರ್ಷ ಬೇವು ಎಲೆ ಉದುರಿಸುವ ಕಾಲದಲ್ಲಿ ಕೋಳಿಗಳಿಗೆ ಬೇನೆ ಬಂತು. ಯಾರೋ ನೆಂಟರು ಊರಿಂದ ರೈಲಿನಲ್ಲಿ ಬುಟ್ಟಿಯಲ್ಲಿಟ್ಟುಕೊಂಡು ತಂದ ಹುಂಜದಿಂದ ಹತ್ತಿರಬೇಕು ಎಂದು ಈಗ ಅನ್ನಿಸುತ್ತದೆ, ಆಗ ಯಾರಿಗೂ ಹೊಳೆಯಲಿಲ್ಲ. ಮೊದಲು ಹೋದದ್ದು ಸದ್ದು. ಒಂದು ಬೆಳಗ್ಗೆ ಎದ್ದರೆ ಹಿತ್ತಿಲು ಮೂಕಾಗಿತ್ತು. ಕೋಳಿಗಳು ಬದುಕಿದ್ದವು, ಆದರೆ ರೆಕ್ಕೆ ಜೋತುಬಿಟ್ಟು ಗೋಡೆಗೆ ಒತ್ತಿ ನಿಂತಿದ್ದವು. ಎರಡನೆಯ ದಿನಕ್ಕೆ ಒಂದೊಂದರ ಕುತ್ತಿಗೆ ತಿರುಚತೊಡಗಿತು. ತಲೆ ಹಿಂದಕ್ಕೆ ವಾಲಿ, ಕೊಕ್ಕು ಮೇಲಾಗಿ, ಎಲ್ಲವೂ ಆಕಾಶವನ್ನೇ ನೋಡುತ್ತ ನಿಂತವು. ನಾನೂ ತಲೆ ಎತ್ತಿ ನೋಡಿದೆ. ಬಿಸಿಲು, ಸೀತಾಫಲದ ಗಿಡದ ಬೋಳು ಕೊಂಬೆ, ಇನ್ನೇನೂ ಇರಲಿಲ್ಲ. ಅವು ಏನನ್ನು ನೋಡುತ್ತಿವೆ ಎಂದು ಅವ್ವನನ್ನು ಕೇಳಿದ್ದಕ್ಕೆ ಅವಳು ನನ್ನನ್ನು ದರದರ ಎಳೆದುಕೊಂಡು ಒಳಗೆ ಹಾಕಿ ಚಿಲಕ ಜಡಿದಳು. ವಾರ ತುಂಬುವುದರೊಳಗೆ ಗೂಡು ಬರಿದಾಯಿತು. ರೈಲ್ವೆ ಗೋಡೆಯ ಆಚೆ ಇದ್ದ ಯಾದಮ್ಮನ ಕೋಳಿಗಳಿಗೆ ಒಂದು ಸೀನೂ ಬರಲಿಲ್ಲ.

"ಹೋದದ್ದು ಹೋತು ಬಿಡಬೇ. ಮನಿ ಮ್ಯಾಲಿಂದು ಅವುಗಳ ಮ್ಯಾಲ ಹೋತು. ನೀನ ಹೇಳ್ತಿದ್ದಿಲ್ಲೇನು?" ಎಂದು ಅಪ್ಪ ಆಯಿಗೆ ಸಮಾಧಾನ ಹೇಳಲು ಹೋದ. ಆಯಿ ಕೆಂಡ ಕೆದಕುವುದನ್ನು ನಿಲ್ಲಿಸಿದಳು.

"ಒಂದು ಹೋಗಿದ್ರ ಒಂದಕ್ಕ ಬಂದಿತ್ತು ಅಂತಿದ್ದೆ. ಎಲ್ಲಾ ಹೋದುವು ಅಂದ್ರ ಬಂದಿದ್ದು ಭಾಳ ದೊಡ್ಡದೈತಿ. ಅದರ ಹೊಟ್ಟಿ ಇನ್ನಾ ತುಂಬಿಲ್ಲ."

ಕಾಕಾ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದವನು ಗಟ್ಟಿಯಾಗಿ ನಕ್ಕ. "ಯವ್ವಾ, ನಿನ್ನ ಕೋಳಿ ಕೂಗಿದ್ರ ಅಷ್ಟ ಈ ಊರಾಗ ಬೆಳಕಾಗ್ತೈತಿ ಅಂತ ತಿಳಿದೀಯೇನು?" ಎಂದ. ಯಾರೂ ನಗಲಿಲ್ಲ. ಅವನು ನಕ್ಕು ಮುಗಿಸಿ ಉಸಿರು ಹಿಡಿಯಲು ತೆಗೆದುಕೊಂಡ ಹೊತ್ತು ಎಲ್ಲರಿಗೂ ಕೇಳಿಸಿತು. ಆ ಬೇಸಿಗೆಯಲ್ಲಿ ಅವನ ಪಾದ ಬಾತುಕೊಳ್ಳತೊಡಗಿದ್ದನ್ನು ಆಯಿ ಆಗಲೇ ನೋಡಿದ್ದಳು.

ಹೊಸ ಕೋಳಿ ತರುವುದು ಕಷ್ಟದ ಕೆಲಸವೇನೂ ಅಲ್ಲ. ಸಿಕಂದರಾಬಾದಿನಿಂದ ನಾಳೆಯೇ ಜೋಡಿ ಹೇಂಟೆ ತಂದುಬಿಡುತ್ತೇನೆ ಎಂದ ಅಪ್ಪ. ಆಯಿ ಒಪ್ಪಲಿಲ್ಲ. "ರೊಕ್ಕ ಕೊಟ್ಟು ತಂದ ಕೋಳಿ ನಮ್ಮ ಸಲುವಾಗಿ ಯಾಕ ಸಾಯ್ತೈತಿ? ಅದಕ್ಕ ಮನಿ ಋಣ ಬ್ಯಾಡೇನು?" ಎಂದಳು. ಇನ್ನೊಂದು ದಾರಿ ಇತ್ತು. ನಮ್ಮ ಕಡೆ ಕೋಳಿಯನ್ನು, ಆಡನ್ನು ಪಾಲಿಗೆ ಕೊಡುವ ರೂಢಿ ಇದೆ. ಒಬ್ಬರ ಹೇಂಟೆಯನ್ನು ಇನ್ನೊಬ್ಬರು ಸಾಕುತ್ತಾರೆ, ಹುಟ್ಟಿದ ಮರಿಯಲ್ಲಿ ಅರ್ಧ ಅವರಿಗೆ, ಅರ್ಧ ಇವರಿಗೆ. ಯಾದಮ್ಮನ ಹೇಂಟೆಯೊಂದು ಕಾವಿಗೆ ಬಂದು ಕೊಕ್ಕೊಕ್ಕೊ ಎನ್ನುತ್ತಿತ್ತು. ಪಾಲಿಗೆ ಕೊಡುತ್ತೇನೆ ಎಂದು ಅವಳಾಗಿಯೇ ಬಂದು ಹೇಳಿದಳು. ಆಯಿ ಅದಕ್ಕೂ ತಲೆ ಅಲ್ಲಾಡಿಸಿದಳು. ಪಾಲಿನ ಕೋಳಿ ಅರ್ಧ ಆ ಮನೆಯದು. ಅದರ ಮೇಲೆ ಬಿದ್ದ ಕೇಡು ಯಾವ ಮನೆಯ ಲೆಕ್ಕಕ್ಕೆ ಹೋಗುತ್ತದೆ? ಯಾದಮ್ಮನ ಗಂಡನ ಕೆಮ್ಮನ್ನು ಹೊತ್ತುಕೊಂಡು ಹೋದರೆ ಕಾಕಾನ ಗತಿಯೇನು? ಅರ್ಧ ಕೋಳಿ ಅರ್ಧ ಗಂಡಾಂತರವನ್ನೇ ತಡೆಯುವುದು ಎಂದು ಆಯಿ ಲೆಕ್ಕ ಹಾಕಿದ್ದನ್ನು ಕೇಳಿ ಕಾಕಾ, ತನ್ನ ಪಾಠಕ್ಕೆ ಬರುವ ಹುಡುಗರಿಗಿಂತ ತನ್ನವ್ವನೇ ಮೇಲು ಎಂದು ಹೇಳಿ ನನ್ನನ್ನು ನಗಿಸಿದ.

ಕೊನೆಗೆ ಆಯಿ ಕಂಡುಕೊಂಡ ದಾರಿ ಅವಳಿಗೆ ಮಾತ್ರ ಹೊಳೆಯುವಂಥದ್ದು. ಸತ್ತ ಹೇಂಟೆಗಳು ಬೇನೆ ಬರುವ ಮೊದಲು ಇಟ್ಟಿದ್ದ ಮೊಟ್ಟೆಗಳು ಅಡಿಗೆಮನೆಯ ಗಡಿಗೆಯಲ್ಲಿ ಜೋಳದ ತೌಡಿನೊಳಗೆ ಇದ್ದವು. ಕಾಕಾನಿಗೆಂದು ಕೂಡಿಟ್ಟವು. ಅವನಿಗೆ ದಿನವೂ ಬೆಳಗ್ಗೆ ಒಂದು ಮೊಟ್ಟೆ ಹಾಲಿಗೆ ಒಡೆದು ಹಾಕಿ ಕೊಡಬೇಕು. ಆಯಿ ಅವತ್ತಿನಿಂದ ಬರೀ ಹಾಲು ಕೊಟ್ಟಳು. "ಅವನ ಬಾಯಾಗಿಂದು ಕಸಗೊಂತೀರೇನತ್ತಿ?" ಎಂದು ಅವ್ವ ಮೆಲ್ಲಗೆ ಕೇಳಿದಳು. ಆಯಿ ಗಡಿಗೆಯ ಬಾಯಿ ಮುಚ್ಚಿದಳು. ಯಾದಮ್ಮನ ಹೇಂಟೆಯನ್ನು ಪಾಲಿಗಲ್ಲ, ಬರೀ ಕಾವಿಗೆ ಎಂದು ಕೇಳಿ ತಂದಳು. ಮರಿ ತಾವಾಗಿ ಮೇಯುವಷ್ಟಾದ ಮೇಲೆ ಹೇಂಟೆ ವಾಪಸು, ಮರಿಯಲ್ಲಿ ಪಾಲಿಲ್ಲ, ಬದಲಿಗೆ ಒಂದು ಗುಳೇದಗುಡ್ಡದ ರವಿಕೆ ಖಣ. ಇಂಥ ವ್ಯವಹಾರವನ್ನು ಯಾದಮ್ಮ ಜನ್ಮದಲ್ಲೇ ಕೇಳಿರಲಿಲ್ಲ. ಬೇನೆ ಬಿದ್ದ ಮನೆಗೆ ಕೋಳಿ ಕೊಡುವ ಹೆದರಿಕೆ ಬೇರೆ. "ನಾ ಕೋಡಿ ನಾಕು ಮಳ್ಳ ರಾವಾಲೆ," ತನ್ನ ಕೋಳಿ ತನಗೆ ಮರಳಿ ಬರಲೇಬೇಕು, ಎಂದು ಖಣವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುವವರೆಗೂ ಹೇಳುತ್ತಲೇ ಇದ್ದಳು.

ಹಿತ್ತಿಲಲ್ಲಿ ಇನ್ನೂ ಬೇನೆಯ ನಂಜು ಇದೆ ಎಂದು ಆಯಿ ಕಾವಿನ ಬುಟ್ಟಿಯನ್ನು ಮನೆಯೊಳಗೆ, ಕಾಕಾನ ಮಂಚದ ಕೆಳಗೇ ಇಟ್ಟಳು. ಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಒಂದು ಕಬ್ಬಿಣದ ಮೊಳೆ, ಒಂದು ಇದ್ದಿಲು ಇಟ್ಟು, ದೀಪ ಹಚ್ಚುವ ಹೊತ್ತಿಗೆ ಹೇಂಟೆಯನ್ನು ಕೂರಿಸಿದಳು. ಆಗ ಕಾಕಾನಿಗೆ ಅಡ್ಡಾದರೆ ಉಸಿರು ಸಿಗುತ್ತಿರಲಿಲ್ಲ. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ. "ಮ್ಯಾಲ ನಾ ಕಾವಿಗೆ ಕುಂತೀನಿ, ಕೆಳಗ ಅದು. ಯಾರದು ಮೊದಲು ಒಡಿತೈತೋ ನೋಡೂಣು," ಎಂದು ನನಗೆ ಕಣ್ಣು ಹೊಡೆದ. ಪಾಠಕ್ಕೆ ಬಂದ ಹುಡುಗರು ಲೆಕ್ಕ ಬಿಡಿಸುತ್ತಿದ್ದರೆ ಮಂಚದ ಕೆಳಗಿನಿಂದ ಹೇಂಟೆ ಗುರ್ ಎನ್ನುತ್ತಿತ್ತು. ಆ ಕೋಣೆಯ ತುಂಬ ಬೆಚ್ಚಗಿನ ಪುಕ್ಕದ ವಾಸನೆ, ತೌಡಿನ ವಾಸನೆ, ಔಷಧದ ವಾಸನೆ. ಆಯಿ ದಿನಕ್ಕೆ ಎಷ್ಟೋ ಸಲ ಬಂದು ಮೊದಲು ಬಗ್ಗಿ ಕೆಳಗೆ ನೋಡುತ್ತಿದ್ದಳು, ಆಮೇಲೆ ತಲೆ ಎತ್ತಿ ಮಗನ ಮುಖ ನೋಡುತ್ತಿದ್ದಳು. ಮೊಟ್ಟೆ ಒಡೆದರೆ ಕಾಕಾ ಉಳಿಯುತ್ತಾನೆ, ಒಡೆಯದಿದ್ದರೆ ಇಲ್ಲ ಎಂದು ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದಿದ್ದರೂ ಮನೆಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು, ನನಗಂತೂ ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ದಿನ ತುಂಬುತ್ತ ಬಂದಾಗ ಆಯಿ ಉಗುರು ಬೆಚ್ಚಗಿನ ನೀರನ್ನು ಬೋಗುಣಿಗೆ ಹಾಕಿ ಒಂದೊಂದೇ ಮೊಟ್ಟೆಯನ್ನು ತೇಲಿಬಿಟ್ಟಳು. ಒಳಗೆ ಜೀವವಿದ್ದರೆ ಮೊಟ್ಟೆ ತಾನಾಗಿ ಅಲುಗುತ್ತದೆ. ಕಾಕಾ ಬೋಗುಣಿಯನ್ನು ತನ್ನ ತೊಡೆಯ ಮೇಲೆ ಇರಿಸಿಕೊಂಡ. ನಾವೆಲ್ಲ ಉಸಿರು ಬಿಗಿಹಿಡಿದು ನೋಡಿದೆವು. ನೀರು ನಿಂತಿತು, ಮೊಟ್ಟೆ ನಿಂತಿತು. ಆಯಿಯ ತುಟಿ ಬಿಳಿಚಿಕೊಂಡದ್ದು ನನಗೆ ಕಾಣಿಸಿತು. ಆಮೇಲೆ ಒಂದು ಮೊಟ್ಟೆ, ಯಾರೋ ಒಳಗಿನಿಂದ ಮೊಣಕೈಯಲ್ಲಿ ತಿವಿದ ಹಾಗೆ, ಸಣ್ಣಗೆ ಹೊರಳಿತು. ಅದರ ಹಿಂದೆ ಇನ್ನೊಂದು. ಕಾಕಾ ನಗಲಿಲ್ಲ. ಅಷ್ಟು ದಿನ ಚೇಷ್ಟೆ ಮಾಡಿದವನು ಬೋಗುಣಿಯ ಮೇಲೆ ಬಗ್ಗಿ, "ಬಾ, ಬಾರಪಾ, ಹೊರಗ ಭಾಳ ಛಲೋ ಐತಿ," ಎಂದು ಪಿಸುಗುಟ್ಟಿದ. ನನಗೆ ಅಳು ಬಂತು. ಎರಡು ದಿನಕ್ಕೆ ಮಂಚದ ಕೆಳಗಿನಿಂದ ಚಿಂವ್ ಚಿಂವ್ ಸದ್ದು ಬಂದಾಗ ಆಯಿ ದೇವರ ಮುಂದೆ ದೀಪ ಹಚ್ಚಲು ಹೋಗಿ ಎಣ್ಣೆಯನ್ನೆಲ್ಲ ಚೆಲ್ಲಿದಳು. ಕಾಕಾನ ಕಾಲಿನ ಬಾವು ಆ ವಾರವೇ ಇಳಿಯಿತು. ಡಾಕ್ಟರು ಮಾತ್ರೆ ಬದಲಿಸಿದ್ದರಿಂದ ಎಂದು ಅಪ್ಪ ಹೇಳಿದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಳೆಗಾಲಕ್ಕೆ ಮರಿಗಳು ಹಿತ್ತಿಲಿಗೆ ಇಳಿದವು. ಇಷ್ಟಕ್ಕೇ ಮುಗಿದಿದ್ದರೆ ಇದು ನಾನು ಮಕ್ಕಳಿಗೆ ಹೇಳಿ ಮಲಗಿಸುವ ಕತೆಯಾಗುತ್ತಿತ್ತು. ಒಂದು ಮಧ್ಯಾಹ್ನ ಹದ್ದೊಂದು ಎರಗಿ ಒಂದು ಮರಿಯನ್ನು ಎತ್ತಿಕೊಂಡು ಹೋಯಿತು. ನಾನು ಕಿರುಚಿ ಆಯಿಯ ಕಡೆ ತಿರುಗಿದರೆ, ಅವಳು ಕೂತಲ್ಲೇ ಆಕಾಶಕ್ಕೆ ಎರಡೂ ಕೈ ಜೋಡಿಸಿದ್ದಳು. ಮುಖ ತಣ್ಣಗಿತ್ತು. ಒಂದು ಸಂದಾಯವಾಯಿತು ಎಂಬ ಹಾಗೆ ಇತ್ತು ಆ ಮುಖ. ಅಂದಿನ ರಾತ್ರಿಯೂಟಕ್ಕೆ ಶಾವಿಗೆ ಪಾಯಸ ಮಾಡಿಸಿದಳು. ನಾನು ಪಾಯಸದ ಬಟ್ಟಲನ್ನು ಮುಟ್ಟದೆ ಸರಿಸಿಟ್ಟೆ.

ಕಾಕಾನೂ ಪಾಯಸ ಮುಟ್ಟಲಿಲ್ಲ. ಮರುದಿನದಿಂದ ಹಿತ್ತಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಕೈಯಲ್ಲೊಂದು ಉದ್ದನೆಯ ಬಿದಿರು ಕೋಲು ಹಿಡಿದು ಕಾವಲು ಕೂತ. ಪಾಠವೂ ಅಲ್ಲೇ. ಹದ್ದಿನ ನೆರಳು ಬಿದ್ದರೆ ಕೋಲೆತ್ತಿ ಹಾಹಾ ಎನ್ನುವುದು, ಬೆಕ್ಕು ಗೋಡೆ ಹತ್ತಿದರೆ ಚಪ್ಪಲಿ ಎಸೆಯುವುದು. ಮರಿಗಳು ಅವನ ಪಾದದ ಮೇಲೆ ಹತ್ತಿ ನಿದ್ದೆ ಹೋಗುತ್ತಿದ್ದವು. ಯಾದಮ್ಮನ ಹೇಂಟೆ ಮಾತಿನಂತೆ ವಾಪಸಾದ ಮೇಲೆ ಅವುಗಳಿಗೆ ತಾಯಿ ಅವನೇ. ಹೀಗೆ ಒಂದೇ ಹಿತ್ತಿಲಲ್ಲಿ ತಾಯಿ ಮಗ ಇಬ್ಬರೂ ಒಂದೇ ಕೋಳಿಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. ಅವನು ಒಂದೂ ಸಾಯದಿರಲಿ ಎಂದು, ಅವಳು ಒಂದಾದರೂ ಸಾಯಲಿ ಎಂದು.

"ಒಂದೆರಡು ಹೋದ್ರ ಹೋಗಲಿ, ಬಿಡೋ," ಎಂದು ಆಯಿ ಒಂದು ದಿನ ಅಂದೇಬಿಟ್ಟಳು.

"ಹ್ಯಾಂಗ ಬಿಡಲಿಬೇ? ನನ್ನ ಮಂಚದ ಬುಡಕ ಹುಟ್ಟಿದುವು."

"ಅದಕ್ಕ ಹೇಳಾಕತ್ತೀನಿ. ನಿನ್ನ ಮಂಚದ ಬುಡಕ ಹುಟ್ಟಿಸಿದ್ದ ಅದಕ್ಕ."

ಕಾಕಾನಿಗೆ ಅರ್ಥವಾಗದೆ ಇರಲಿಲ್ಲ. ಸ್ವಲ್ಪ ಹೊತ್ತು ಕೋಲಿನ ತುದಿಯಿಂದ ನೆಲ ಕೆರೆದ. "ಹಂಗಂದ್ರ ನಾ ಹ್ಯಾಂಗ ಅವುಗಳ ಮುಖ ನೋಡಲಿ?" ಎಂದ. ಆಯಿ ಎದ್ದು ಒಳಗೆ ಹೋದಳು.

ದಸರೆ ಹತ್ತಿರ ಬಂದಿತ್ತು. ಮರಿಗಳು ಬೆಳೆದು ಹೇಂಟೆಗಳ ಜುಟ್ಟು ಇನ್ನೇನು ಮೊಟ್ಟೆ ಇಡುವ ಹಾಗೆ ಕೆಂಪೇರಿತ್ತು. ಅವತ್ತು ಬೆಳಗ್ಗೆ ಕಾಕಾ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ. ನಾನು ಆಯಿಯ ಜೊತೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದೆ. ಹಿಂದಿನ ಬಾಗಿಲು ಅರ್ಧ ತೆರೆದಿತ್ತು. ಅದರ ಸಂದಿಯಲ್ಲಿ ಓಣಿಯ ನಾಯಿಯೊಂದು ಮೂತಿ ತೂರಿಸಿತು. ನಾನು ನೋಡಿದೆ, ಆಯಿಯೂ ನೋಡಿದಳು. ಕಾಕಾನ ಬೆನ್ನು ಆ ಕಡೆಗಿತ್ತು. ನಾನು ಕೂಗಲು ಬಾಯಿ ತೆರೆಯುವಷ್ಟರಲ್ಲಿ ಆಯಿ ನನ್ನ ಮಣಿಕಟ್ಟು ಹಿಡಿದಳು. "ಸುಮ್ನಿರು," ಎಂದಳು, ತುಟಿ ಅಲ್ಲಾಡಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ. ಅವಳ ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ಬಳೆ ನನ್ನ ಚರ್ಮಕ್ಕೆ ಒತ್ತಿತು. ನಾಯಿ ಹೊಟ್ಟೆ ನೆಲಕ್ಕೆ ಹಚ್ಚಿ ಬಂದು, ಗಿಡದ ಬುಡದಲ್ಲಿ ಕೆದಕುತ್ತಿದ್ದ ಕಂದು ಹೇಂಟೆಯನ್ನು ಬಾಯಲ್ಲಿ ಕಚ್ಚಿಕೊಂಡು ಹೊರಳಿತು. ಹೇಂಟೆ ಒಮ್ಮೆ ಕೂಗಿತು. ಕಾಕಾ ತಿರುಗಿದ. ಕೋಲು ಎತ್ತಿಕೊಳ್ಳಲಿಲ್ಲ, ಚಪ್ಪಲಿ ಮೆಟ್ಟಲಿಲ್ಲ, ಎದ್ದು ಓಡಿದ. ಕಾಕಾ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಎಷ್ಟು ಚೆನ್ನಾಗಿ ಓಡಿದ! ಆಯಿ, "ಏ ಹಣಮಂತಾ, ಬ್ಯಾಡೋ, ಬ್ಯಾಡೋ ನನ್ನಪ್ಪಾ," ಎಂದು ಕೂಗಿ ಏಳುವಷ್ಟರಲ್ಲಿ, ಮೊರದ ಜೋಳವೆಲ್ಲ ಚೆಲ್ಲುವಷ್ಟರಲ್ಲಿ, ಅವನು ಬಾಗಿಲು ದಾಟಿ ಸಂದಿಯಲ್ಲಿ ಮರೆಯಾಗಿದ್ದ.

ಬಂದ. ಹೇಂಟೆಯನ್ನು ಕಂಕುಳಲ್ಲಿ ಅವುಚಿಕೊಂಡು, ಬರಿಗಾಲಲ್ಲಿ, ನಗುತ್ತ ಬಂದ. ರೆಕ್ಕೆಗೆ ಸ್ವಲ್ಪ ಗಾಯವಾಗಿತ್ತು, ಅಷ್ಟೇ. "ಬಿಟ್ಟು ಹೋತು ನೋಡಬೇ, ಅಂಜುಬುರುಕ ನಾಯಿ," ಎಂದು ಕುರ್ಚಿಯಲ್ಲಿ ಕೂತು ನೀರು ಕೇಳಿದ. ಅವ್ವ ತಂದ ಚೆಂಬನ್ನು ಹಿಡಿಯಲು ಅವನಿಗೆ ಆಗಲಿಲ್ಲ. ತುಟಿ ನೀಲಿಯಾಗಿತ್ತು. ಅಪ್ಪ ಆಫೀಸಿನಿಂದ ಓಡಿ ಬಂದು ರಿಕ್ಷಾದಲ್ಲಿ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದ. ಮೂರನೆಯ ದಿನ ಕಾಕಾನನ್ನು ಮನೆಗೆ ತಂದಾಗ ಮುಖದ ಮೇಲೆ ಬಿಳಿ ಬಟ್ಟೆ ಇತ್ತು. ಹಿತ್ತಿಲಲ್ಲಿ ಎಲ್ಲ ಕೋಳಿಗಳೂ ಆರಾಮಾಗಿ, ಒಂದಕ್ಕೂ ಒಂದು ಸೀನಿಲ್ಲದೆ, ಮೇಯುತ್ತಿದ್ದವು.

ಆಯಿ ಅಳಲಿಲ್ಲ ಎಂದು ಬಂದವರು ಆಡಿಕೊಂಡರು. ಕಾಕಾನ ತಿಥಿಯ ಊಟಕ್ಕೆ ಮನೆಯಲ್ಲೇ ಇಷ್ಟು ಕೋಳಿ ಇವೆಯಲ್ಲ ಎಂದು ಊರಿಂದ ಬಂದ ಹಿರಿಯರೊಬ್ಬರು ಗೂಡಿನ ಕಡೆ ಹೆಜ್ಜೆ ಹಾಕಿದಾಗ ಮಾತ್ರ ಅವಳು ಎದ್ದು ಹೋಗಿ ಗೂಡಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ಇವು ಅವ ಬಿಡಿಸಿದುವು," ಎಂದಳು. ಎಲ್ಲವನ್ನೂ ಅವನು ಬಿಡಿಸಿರಲಿಲ್ಲ, ಬಿಡಿಸಿದ್ದು ಒಂದನ್ನು. ಆದರೆ ಯಾರೂ ಅವಳನ್ನು ತಿದ್ದಲಿಲ್ಲ. ಕಟ್ಟೆಯ ಮೇಲೆ ಕೂತು ನಾಯಿಯನ್ನು ನೋಡಿಯೂ ಸುಮ್ಮನಿದ್ದದ್ದು ನಮ್ಮಿಬ್ಬರಿಗೆ ಬಿಟ್ಟರೆ ಬೇರೆಯವರಿಗೆ ಗೊತ್ತಿರಲಿಲ್ಲ. ಅವಳು ಅದರ ಬಗ್ಗೆ ನನ್ನೊಡನೆ ಎಂದೂ ಮಾತಾಡಲಿಲ್ಲ. ಮನೆ ಮೇಲೆ ಬಂದದ್ದು ಕೋಳಿ ಮೇಲೆ ಹೋಯಿತು ಎಂಬ ಮಾತನ್ನೂ ಆ ಮೇಲೆ ಅವಳ ಬಾಯಲ್ಲಿ ಯಾರೂ ಕೇಳಲಿಲ್ಲ. ನನಗೆ ಅವಳ ಮೇಲೆ ಸಿಟ್ಟಿತ್ತೇ? ಇತ್ತು, ಬಹಳ ವರ್ಷ ಇತ್ತು. ನನಗೂ ಮಕ್ಕಳಾಗಿ, ಒಬ್ಬನಿಗೆ ಜ್ವರ ಏರಿದ ಒಂದು ದಿನ ಆ ಸಿಟ್ಟು ನನಗೆ ತಿಳಿಯದಂತೆಯೇ ಎತ್ತಲೋ ಹೋಯಿತು.

ಕೋಳಿಗಳು ಹೆಚ್ಚಿದವು. ಕಂದು ಹೇಂಟೆ ಕಾವು ಕೂತು, ಅದರ ಮರಿಗಳು ಕಾವು ಕೂತು, ಹಿತ್ತಿಲಲ್ಲಿ ಕಾಲಿಡಲು ಜಾಗವಿಲ್ಲದ ಹಾಗಾಯಿತು. ಯಾವುದನ್ನೂ ಆಯಿ ಕುಯ್ಯಲು ಕೊಡಲಿಲ್ಲ. ಹಬ್ಬಕ್ಕೆ ಅಪ್ಪ ಬಜಾರಿನಿಂದ ತರಬೇಕಾಯಿತು. ಅವಳ ಮೊಣಕಾಲು ಹೋಗಿತ್ತು, ಒಂದು ಕಣ್ಣಿಗೆ ಪೊರೆ ಬಂದಿತ್ತು. ಆದರೂ ದಿನವಿಡೀ ಕಟ್ಟೆಯ ಮೇಲೆ ಕೂತು ಆಕಾಶ, ಗೋಡೆ, ಬಾಗಿಲು, ಮತ್ತೆ ಆಕಾಶ ಹೀಗೆ ನೋಡುತ್ತಿದ್ದಳು. ಎಲ್ಲಿಯಾದರೂ ಒಂದು ನೆರಳು ಅಲುಗಿದರೆ ಸಾಕು, ಸೀರೆ ಎತ್ತಿ ಕಟ್ಟಿ, ಹಾಹಾ ಎಂದು ಕೂಗುತ್ತ, ಆ ಕಾಲಲ್ಲೇ ಹಿತ್ತಿಲ ಉದ್ದಕ್ಕೂ ಓಡುತ್ತಿದ್ದಳು. ಕಡೆಕಡೆಗೆ ಹದ್ದೂ ಇರುತ್ತಿರಲಿಲ್ಲ, ನಾಯಿಯೂ ಇರುತ್ತಿರಲಿಲ್ಲ. ಮೋಡ ಸರಿದರೂ ಓಡುತ್ತಿದ್ದಳು. ಕಂಬ ಹಿಡಿದು ನಿಂತು, ಉಸಿರಿಗೆ ತಡಕಾಡುತ್ತ, ಬಾಗಿಲಲ್ಲಿ ನಿಂತ ನಮ್ಮ ಕಡೆ ತಿರುಗಿ ಬೈಯುತ್ತಿದ್ದಳು. "ಏನ್ ನೋಡ್ಕೋತ ನಿಂತೀರಿ? ಸುಮ್ನ ನಿಂದರಬ್ಯಾಡ್ರಿ, ಓಡ್ರಿ!" ಅಪ್ಪ, ಅವ್ವ, ನಾನು, ಮೂವರೂ ಕೈಲಿದ್ದ ಕೆಲಸ ಬಿಟ್ಟು ಅವಳ ಹಿಂದೆ, ಅಲ್ಲಿ ಏನೂ ಇಲ್ಲ ಎಂದು ಗೊತ್ತಿದ್ದೂ, ಓಡುತ್ತಿದ್ದೆವು.